ಕೌಂಟರಿನ ಈಚೆ ಕುಂತು ಕುಡಿದ ಚಹಾ

ನಮ್ಮ ಆಳಂದದಲ್ಲಿ ಹೋಟೆಲ್ ಅಂದರೆ ಚಹಾ, ಭಜಿ, ಸೂಸಲಾ. ಮಲಗಲು ಜಾಗ ಬೇಕೆಂದರೆ ಲಾಡ್ಜ್ ಹುಡುಕಬೇಕು, ಇಲ್ಲವೆ ಯಾರದಾದರೂ ಮನೆಯ ಬಾಗಿಲು ಬಡಿಯಬೇಕು. ನಾನು ಸಣ್ಣಾಕಿಯಾಗಿದ್ದಾಗ ಜನ ಬಡಿಯುತ್ತಿದ್ದ ಬಾಗಿಲುಗಳಲ್ಲಿ ನಮ್ಮದೂ ಒಂದು.

ದರ್ಗಾದ ಕಡೆಗೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಉರುಸಿನ ದಿನಗಳಲ್ಲಂತೂ ಸರಿಯೇ, ಬರೀ ಗುರುವಾರಗಳಲ್ಲೂ ಹರಕೆ ಹೊತ್ತವರು ಅಕ್ಕಲಕೋಟ, ಉಮರ್ಗಾ, ಸೊಲ್ಲಾಪುರದ ಕಡೆಯಿಂದ ಬಂದಿಳಿಯುತ್ತಿದ್ದರು. ಅವರಲ್ಲಿ ಹಣೆತುಂಬ ಕುಂಕುಮ ಹಚ್ಚಿಕೊಂಡ ಹೆಂಗಸರೇ ಹೆಚ್ಚು. ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ಪಡಸಾಲೆಯನ್ನೂ ಅದರ ಪಕ್ಕದ ಕೋಣೆಯನ್ನೂ ಅವರಿಗೆ ಬಿಟ್ಟುಕೊಡುತ್ತಿದ್ದಳು. ಹಾಸಿಗೆ ಹಾಸುವುದು, ತಂಬಿಗೆ ತುಂಬಿಡುವುದು ನನ್ನ ಕೆಲಸ. ಬಂದವರು ಹೊಸ್ತಿಲು ದಾಟುವ ಮೊದಲೇ ನಾನು ನೀರು ಹಿಡಿದು ನಿಂತಿರಬೇಕು.

"ಮೊದಲ ನೀರು ಕೊಡು, ಆಮ್ಯಾಲ ಊರು ಕೇಳು," ಅನ್ನುತ್ತಿದ್ದಳು ದಾದಿ. "ಹೆಸರು ಕೇಳಬ್ಯಾಡ. ಹೇಳಬೇಕು ಅನಿಸಿದ್ರ ಅವರೇ ಹೇಳ್ತಾರ."

ಅವಳು ಹೇಳುತ್ತಿದ್ದದ್ದು ದಖನಿ ಉರ್ದುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ನಮ್ಮ ಮನೆಯಲ್ಲಿ ಎರಡೂ ಮಾತು ಒಂದರೊಳಗೊಂದು ಕಲಸಿಕೊಂಡೇ ಇರುತ್ತವೆ.

ಅಕ್ಕಲಕೋಟದ ಕಡೆಯ ಒಬ್ಬ ಮುದುಕಿ ಪ್ರತಿ ವರ್ಷ ಬರುತ್ತಿದ್ದಳು. ಮಗನಿಗೆ ಮಕ್ಕಳಾಗಲೆಂದು ಹೊತ್ತ ಹರಕೆ ಎಂದೋ ತೀರಿತ್ತು, ಮೊಮ್ಮಕ್ಕಳು ಸಾಲೆಗೆ ಹೋಗುವಷ್ಟು ದೊಡ್ಡವಾಗಿದ್ದವು, ಆದರೂ ಬರುವುದು ಬಿಟ್ಟಿರಲಿಲ್ಲ. ಸಂಜೆಯಾದರೆ ಅವಳೂ ದಾದಿಯೂ ಕಟ್ಟೆಯ ಮೇಲೆ ಕುಂತು ಎಲೆ ಅಡಿಕೆ ಹಾಕುತ್ತ ಮರಾಠಿಯೋ ದಖನಿಯೋ ತಿಳಿಯದ ಮಾತಿನಲ್ಲಿ ಸೊಸೆಯಂದಿರ ಸುದ್ದಿ ಆಡುತ್ತಿದ್ದರು. ಇಬ್ಬರ ತಲೆಯ ಮೇಲೂ ಸೆರಗು. ಹಿಂದಿನಿಂದ ನೋಡಿದರೆ ಯಾರು ನಮ್ಮ ದಾದಿ, ಯಾರು ಮೆಹಮಾನ್ ಅನ್ನುವುದು ಗೊತ್ತಾಗುತ್ತಿರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ದಾದಿ ತೀರಿಕೊಂಡಳು. ಅಷ್ಟರಲ್ಲಿ ಊರಲ್ಲಿ ಹೊಸ ಲಾಡ್ಜುಗಳು ಎದ್ದಿದ್ದವು. ಬರುವವರೂ ಕಾರು ಮಾಡಿಕೊಂಡು ಬಂದು ಅದೇ ದಿನ ತಿರುಗಿ ಹೋಗತೊಡಗಿದರು. ಅಬ್ಬಾ ಪಡಸಾಲೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡರು. ಗುರುವಾರ ಬಂದರೆ ನನಗೆ ಈಗಲೂ ಕೈ ಖಾಲಿ ಅನಿಸುತ್ತದೆ.

ಹೋಟೆಲ್ ಕೆಲಸದ ತರಬೇತಿ ಸೇರಬೇಕು ಅನ್ನುವ ಆಸೆ ಹುಟ್ಟಿದ್ದು ಆ ಖಾಲಿತನದಿಂದಲೇ ಇರಬೇಕು. ಡಿಗ್ರಿ ಮುಗಿದಿತ್ತು. ಕಲಬುರಗಿಯಲ್ಲಿ ಹುಡುಗಿಯರಿಗೆ ಪುಕ್ಕಟೆಯಾಗಿ ಕಲಿಸುತ್ತಾರಂತೆ, ಇರಲು ಹಾಸ್ಟೆಲ್ ಸಹ ಕೊಡುತ್ತಾರಂತೆ ಎಂದು ಗೊತ್ತಾದಾಗ ಅಬ್ಬಾನಿಗೆ ಹೇಳಿದೆ. ಅಬ್ಬಾ ಮಷೀನಿನ ಗಾಲಿ ನಿಲ್ಲಿಸಿ, "ಮಂದಿ ಏನಂತಾರ?" ಅಂದರು. ಅಮ್ಮಿ ಒಳಗಿನಿಂದಲೇ, "ನಿಮ್ಮ ತಾಯಿ ಜಿಂದಗಿ ಪೂರಾ ಮಾಡಿದ್ದು ಅದೇ ಕೆಲಸ ಅಲ್ಲೇನು? ಆವಾಗ ಮಂದಿ ಏನಂದ್ರು?" ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಮೊದಲ ದಿನ ನನ್ನ ಪಕ್ಕದಲ್ಲಿ ಬಂದು ಕುಂತವಳು ಜೇವರ್ಗಿ ತಾಲ್ಲೂಕಿನ ಇಜೇರಿಯವಳು. ಎತ್ತರದ ಹುಡುಗಿ, ದನಿಯೂ ದೊಡ್ಡದು. ಅವಳ ಅಪ್ಪ ಅವ್ವ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟು ನಡೆದುಕೊಳ್ಳುವ ಮನೆತನ. ಹಾಸ್ಟೆಲಿನಲ್ಲಿ ನಮಗಿಬ್ಬರಿಗೆ ಒಂದೇ ಕೋಣೆ ಸಿಕ್ಕಿತು. ನಾನು ನಮಾಜಿಗೆ ಚಾಪೆ ಹಾಸಿದರೆ ಅವಳು ತಾನಾಗಿಯೇ ಮೊಬೈಲಿನ ಹಾಡು ಸಣ್ಣ ಮಾಡುತ್ತಿದ್ದಳು. ನನ್ನ ಸ್ಕಾರ್ಫಿನ ಪಿನ್ನುಗಳು ಕಳೆದರೆ ಹುಡುಕುತ್ತಿದ್ದವಳೂ ಅವಳೇ. "ನಿನ್ನ ಪಿನ್ನು ನನ್ನ ಕಾಲಿಗೇ ಬಂದು ಚುಚ್ಚತಾವ ಬೇ," ಅನ್ನುತ್ತಿದ್ದಳು.

ಕಲಿಸುತ್ತಿದ್ದವರು ಹೈದರಾಬಾದಿನ ಹೋಟೆಲುಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದಿದ್ದ ಸರ್. ಹಾಸಿಗೆಯ ಚಾದರ ಒಂದು ಸುಕ್ಕೂ ಇಲ್ಲದಂತೆ ಎಳೆದು ಮೂಲೆ ಮಡಚುವುದು, ಬಾಗಿಲು ಬಡಿದು ಒಂದು ಕ್ಷಣ ಕಾಯುವುದು, ಸಿಟ್ಟಿನಲ್ಲಿ ಬಂದವರ ಮಾತು ನಡುವೆ ಕತ್ತರಿಸದೆ ಕೇಳುವುದು, ಎಲ್ಲವನ್ನೂ ಅವರು ಮಾಡಿ ತೋರಿಸುತ್ತಿದ್ದರು. ಬೆಂಚು ಎಳೆದು ಕೌಂಟರ್ ಮಾಡುತ್ತಿದ್ದೆವು. ಒಬ್ಬರು ಆಚೆ ನಿಂತು ಸ್ವಾಗತ ಹೇಳಬೇಕು, ಇನ್ನೊಬ್ಬರು ಈಚೆ ನಿಂತು ಊರಿಂದ ಬಂದ ಅತಿಥಿಯಾಗಬೇಕು. ನನ್ನ ಗೆಳತಿ ಅತಿಥಿಯಾದರೆ ಇಲ್ಲದ ತಕರಾರು ತೆಗೆಯುತ್ತಿದ್ದಳು. ನೀರು ಬಿಸಿ ಇಲ್ಲ, ದಿಂಬು ಕಲ್ಲಿನಂಗ ಅದ, ನಿಮ್ಮ ಚಹಾದಾಗ ಸಕ್ಕರಿ ಎಲ್ಲಿ ಅದ. ನಾನು ನಗದೆ ಉತ್ತರ ಕೊಡಬೇಕು. ಅದೊಂದು ನನ್ನಿಂದ ಎಂದೂ ಆಗಲಿಲ್ಲ.

ಆ ದಿನಗಳಲ್ಲಿ ನಾವು ಕಟ್ಟಿಕೊಂಡ ಆಸೆ ಬಹಳ ದೊಡ್ಡದೇನೂ ಅಲ್ಲ. ಒಂದೇ ಹೋಟೆಲಿನ ಒಂದೇ ಕೌಂಟರಿನ ಹಿಂದೆ ಇಬ್ಬರೂ ನಿಲ್ಲಬೇಕು. ಮುಂಜಾನೆಯ ಪಾಳಿ ಸಿಕ್ಕರೆ ಸಂಜೆ ಬಜಾರಿಗೆ ಹೋಗಬೇಕು. ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಅವಳ ಅವ್ವನನ್ನೂ ನನ್ನ ಅಮ್ಮಿಯನ್ನೂ ಒಮ್ಮೆ ಕರೆಸಿ ಊರು ತೋರಿಸಬೇಕು. ಪರದೆಯ ಬಣ್ಣ ಯಾವುದು ಅನ್ನುವುದಕ್ಕೂ ಜಗಳ ಆಡಿದ್ದೆವು.

ಕಲಬುರಗಿಯ ಹೊರರಸ್ತೆಯಲ್ಲಿ ಆಗ ಹೊಸದಾಗಿ ಒಂದು ದೊಡ್ಡ ಹೋಟೆಲ್ ತೆರೆದಿತ್ತು. ನಮ್ಮ ತರಬೇತಿಯಿಂದ ಕೆಲವರನ್ನು ಸಂದರ್ಶನಕ್ಕೆ ಕರೆದರು. ನಾನು ಬೂದು ಬಣ್ಣದ ಸ್ಕಾರ್ಫ್ ಇಸ್ತ್ರಿ ಮಾಡಿ, ಅಂಚು ಕಾಲರಿನ ಒಳಗೆ ಸೇರಿಸಿ ಕಟ್ಟಿಕೊಂಡೆ. ಗೆಳತಿ ಸುತ್ತ ತಿರುಗಿ ನೋಡಿ, "ಛಲೋ ಕಾಣತಿ. ನಡಿ," ಅಂದಳು.

ಮೊದಲು ಅವಳನ್ನು ಕರೆದರು. ಹೊರಗೆ ಬಂದಾಗ ಮುಖ ಅರಳಿತ್ತು. "ಮನೆದೇವರು ಯಾವುದು ಅಂತ ಕೇಳಿದ್ರು," ಎಂದು ಕಿವಿಯಲ್ಲಿ ಹೇಳಿದಳು. "ನಮ್ಮನ್ಯಾಗ ಬುದ್ಧ ಅದಾನ್ರಿ ಅಂದೆ. ಸುಮ್ಮನಾದ್ರು." ಆ ಹೋಟೆಲಿನ ಲಾಬಿಯಲ್ಲಿ ಕಣ್ಣು ಮುಚ್ಚಿದ ಬುದ್ಧನ ದೊಡ್ಡ ಮೂರ್ತಿ ಇತ್ತು, ಸುತ್ತ ನೀರು, ನೀರಿನಲ್ಲಿ ಹೂವು. ಅದರ ಕಡೆ ನೋಡುತ್ತ, "ನಮಗಿಂತ ಮೊದಲ ಅವನ್ನ ಒಳಗ ಕರ್ಕೊಂಡಾರ ನೋಡ ಬೇ," ಅಂದಳು.

ನನ್ನ ಸರದಿ ಬಂತು. ಮ್ಯಾನೇಜರ್ ಬೇರೆ ಊರಿನವರು, ನಮ್ಮ ಕಡೆಯವರಲ್ಲ. ಮೆತ್ತಗೆ ಮಾತನಾಡುವ ಮನುಷ್ಯ. ಕುಳಿತುಕೊಳ್ಳಲು ಹೇಳಿದರು, ನೀರು ಕೊಟ್ಟರು. ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಮರಾಠಿ ಬರುತ್ತದೆಯೇ ಅಂದಾಗ ಅಕ್ಕಲಕೋಟದ ಮುದುಕಿಯಿಂದ ಕಲಿತದ್ದೆಲ್ಲ ಬಾಯಿಗೆ ಬಂತು. ಅವರು ತಲೆಯಾಡಿಸಿದರು. ಆಮೇಲೆ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಮಾತು, ನಿಲುವು ಎಲ್ಲ ಚೆನ್ನಾಗಿದೆ. ಒಂದು ವಿಷಯ. ಡ್ಯೂಟಿಯಲ್ಲಿ ಇದನ್ನ ತೆಗೀತೀರಾ?" ಅಂದರು. ಕೈಯಿಂದ ತಮ್ಮ ತಲೆಯ ಸುತ್ತ ಒಂದು ಗೆರೆ ಎಳೆದು ತೋರಿಸಿದರು. ಅದರ ಹೆಸರನ್ನೂ ಬಾಯಲ್ಲಿ ಹೇಳಲಿಲ್ಲ.

"ಇಲ್ಲ ಸರ್. ಯೂನಿಫಾರ್ಮಿನ ಬಣ್ಣದ್ದೇ ಕಟ್ಟಿಕೊಳ್ತೀನಿ. ಕಾಲರಿನ ಒಳಗೇ ಇರ್ತದೆ," ಅಂದೆ.

"ನನಗೇನೂ ಇಲ್ಲಮ್ಮ. ನನ್ನ ಸ್ನೇಹಿತರಲ್ಲೂ ನಿಮ್ಮವರು ಎಷ್ಟೋ ಜನ ಇದ್ದಾರೆ. ಆದರೆ ಬರೋ ಗೆಸ್ಟ್‌ಗಳು ಎಲ್ಲಾ ಥರದವರು. ಬಾಗಿಲು ತೆಗೆದ ಕೂಡಲೇ ಕಾಣೋ ಮುಖ ಅದು. ಮಾಲೀಕರು ಒಪ್ಪಲ್ಲ."

ಪೆನ್ನನ್ನು ಮತ್ತೆ ಕೈಗೆತ್ತಿಕೊಂಡು ತಾವೇ ಮುಂದುವರಿದರು. "ಲಾಂಡ್ರಿಯಲ್ಲಿ ಜಾಗ ಇದೆ. ಕೆಳಗಡೆ. ಅಲ್ಲಿ ಹಾಕ್ಕೊಂಡಿರಿ, ಯಾರೂ ನೋಡಲ್ಲ."

ಬಟ್ಟೆ ಒಗೆಯುವ ಕೆಲಸ ನನಗೆ ಕೀಳಲ್ಲ. ಉರುಸಿನ ಮರುದಿನ ಮೆಹಮಾನರ ಚಾದರಗಳನ್ನು ರಾಶಿ ಹಾಕಿಕೊಂಡು ದಾದಿಯ ಜೊತೆ ಒಗೆದವಳು ನಾನು. ಆದರೆ 'ಯಾರೂ ನೋಡಲ್ಲ' ಅನ್ನುವುದನ್ನು ಅವರು ಒಂದು ಉಪಕಾರದ ಹಾಗೆ ಹೇಳಿದ್ದರು. ಅದು ಎದೆಯಲ್ಲಿ ಕುಂತುಬಿಟ್ಟಿತು. ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಸರ್ ಕಲಿಸಿದಂತೆ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿದ್ದು ನೆನಪಿದೆ.

ಗೆಳತಿಗೆ ಕೆಲಸ ಸಿಕ್ಕಿತು, ಅದೂ ಮುಂದಿನ ಕೌಂಟರಿನಲ್ಲಿಯೇ. ಹಾಸ್ಟೆಲಿಗೆ ಬಂದವಳು ಚಪ್ಪಲಿ ಸಹ ಬಿಡದೆ ಮಂಚದ ಮೇಲೆ ಕುಂತಳು.

"ನಾ ಹೋಗಂಗಿಲ್ಲ," ಅಂದಳು.

"ಹೋಗತಿ."

"ನೀ ಇಲ್ಲದ ನಾ ಒಬ್ಬಾಕಿ ಅಲ್ಲಿ ನಿಂತು ಏನು ಮಾಡ್ಲಿ?"

"ನಿಮ್ಮವ್ವ ಈ ಬ್ಯಾಸಗಿಯೊಳಗೂ ಹೊಲದಾಗ ನಿಂತಾಳ. ನೀ ಎಸಿಯೊಳಗ ನಿಲ್ಲಾಕ ಏನು ಧಾಡಿ?" ಅಂದೆ.

ಅವಳು ಅತ್ತಳು. ನನಗೆ ಆಗ ಅಳು ಬರಲಿಲ್ಲ. ಆಳಂದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಂತು, ತೊಗರಿ ಕೊಯ್ದು ಬರಿದಾದ ಹೊಲಗಳನ್ನು ನೋಡುತ್ತ ಬಂದಾಗ ಬಂತು. ಪಕ್ಕದಲ್ಲಿದ್ದ ಹೆಂಗಸು, ಜಿಡಗಾದ ಮಠಕ್ಕೆ ಹೊರಟವಳು, ಏನೂ ಕೇಳದೆ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಉಡಿಯಲ್ಲಿ ಇಟ್ಟಳು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ಕನ್ನಡಿಯ ಮುಂದೆ ಸ್ಕಾರ್ಫ್ ತೆಗೆದೆ. ಕೂದಲು ಹಿಂದಕ್ಕೆ ಬಾಚಿ, ತರಬೇತಿಯಲ್ಲಿ ಹೇಳಿಕೊಟ್ಟಂತೆ ಗಂಟು ಕಟ್ಟಿ, ಬಲೆ ಹಾಕಿದೆ. ಕೈ ಜೋಡಿಸಿ ನಿಂತು ನಮಸ್ಕಾರ, ಸ್ವಾಗತ ಅಂದೆ. ಕನ್ನಡಿಯಲ್ಲಿದ್ದವಳು ಚೆನ್ನಾಗಿಯೇ ಇದ್ದಳು. ಆದರೆ ಅವಳ ಕಣ್ಣು ಅತಿಥಿಯನ್ನು ನೋಡುತ್ತಿರಲಿಲ್ಲ, ತನ್ನ ಬರಿಗಿವಿಯನ್ನೇ ನೋಡುತ್ತಿತ್ತು. ಹತ್ತನೆಯ ಇಯತ್ತೆಯಿಂದ ಕಟ್ಟಿಕೊಂಡು ಬಂದದ್ದು. ಯಾರೂ ಹೇಳಿರಲಿಲ್ಲ, ಅಮ್ಮಿಯಂತೂ ಬುರ್ಖಾ ಹಾಕಿದವಳೇ ಅಲ್ಲ, ಸೆರಗು ಹೊದೆಯುವವಳು. ನಾನಾಗಿಯೇ ಕಟ್ಟಿದೆ, ಕಟ್ಟಿಕೊಂಡ ಮೇಲೆ ಅದು ನನ್ನ ಮೈಯದೇ ಆಯಿತು. ಇದಕ್ಕಿಂತ ಹೆಚ್ಚಿಗೆ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಅಮ್ಮಿ ಬಾಗಿಲು ತಳ್ಳಿಕೊಂಡು ಬಂದವಳು ನೋಡಿದಳು. "ತೆಗೀಬೇಕು ಅನಿಸಿದ್ರ ತೆಗಿ. ನಾ ಏನೂ ಅನ್ನಂಗಿಲ್ಲ, ನಿಮ್ಮ ಅಬ್ಬಾನೂ ಅನ್ನಂಗಿಲ್ಲ. ಆದ್ರ ನಿನಗ ಅನಿಸಿದ್ರ ತೆಗಿ, ಅವರಿಗೆ ಅನಿಸಿದ್ರ ಬ್ಯಾಡ," ಅಂದಳು. ನಾನು ಬಲೆ ತೆಗೆದು ಡಬ್ಬಿಯಲ್ಲಿ ಹಾಕಿದೆ.

ಅಬ್ಬಾನ ಗುರುತಿನವರೊಬ್ಬರು ಕಲಬುರಗಿಯಲ್ಲಿ ಒಂದು ಹೋಟೆಲ್ ನಡೆಸುತ್ತಿದ್ದರು. ಕೆಳಗೆ ಬಿರಿಯಾನಿ, ಮೇಲೆ ಕೋಣೆಗಳು. ನಮ್ಮ ಜಮಾತಿನವರೇ. ಅಲ್ಲಿ ಸ್ಕಾರ್ಫಿನ ಮಾತೇ ಬರುವುದಿಲ್ಲ ಅಂದುಕೊಂಡು ಅಬ್ಬಾ ನನ್ನನ್ನು ಕರೆದುಕೊಂಡು ಹೋದರು. ಅವರು ಚಹಾ ತರಿಸಿದರು, ಓದಿನ ಬಗ್ಗೆ ಕೇಳಿದರು, ಬಹಳ ಸಂತೋಷಪಟ್ಟರು. ಆಮೇಲೆ ಅಬ್ಬಾನ ಕಡೆ ತಿರುಗಿ, "ಭಾಯಿಜಾನ್, ಧಂಧಾ ನೋಡಬೇಕಲ್ಲ. ನನ್ನ ಕಡೆ ಬರೋ ಗಿರಾಕಿ ಅರ್ಧ ಮಂದಿ ಬ್ಯಾರೆಯವರು. ಈಗಿನ ಹವಾ ನಿಮಗೆ ಗೊತ್ತೇ ಅದ," ಅಂದರು. ಮತ್ತೆ ನನ್ನ ಕಡೆ ನೋಡಿ, "ಇನ್ನೊಂದು ಮಾತು ಬೇಟಿ. ಪರದೆ ಮಾಡೋ ಹುಡುಗಿ ಕೌಂಟರಿನಾಗ ನಿಂತ್ರ ನಮ್ಮ ಮಂದಿನೂ ಮಾತಾಡ್ತಾರ. ಸಾಲಿಯೊಳಗ ಟೀಚರ್ ಆಗು, ಛಲೋ," ಅಂದರು.

ಹೊರಗೆ ಬಂದು ಬಿಸಿಲಲ್ಲಿ ನಿಂತಾಗ ಅಬ್ಬಾ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. ಒಬ್ಬರಿಗೆ ನಾನು ಮುಚ್ಚಿಕೊಂಡದ್ದು ಹೆಚ್ಚಾಯಿತು, ಇನ್ನೊಬ್ಬರಿಗೆ ಮುಚ್ಚಿಕೊಂಡೂ ಹೊರಗೆ ಬಂದದ್ದು ಹೆಚ್ಚಾಯಿತು. ಅಬ್ಬಾ ಅಂದದ್ದು ಇಷ್ಟೇ: "ಹಸಿವಾಗೇದೇನು?" ಎದುರಿಗಿದ್ದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬಸ್ಸು ಹತ್ತಿದೆವು.

ಗೆಳತಿ ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ನಾನು ಅಬ್ಬಾನ ಪಕ್ಕ ಕುಂತು ಗುಂಡಿ ಹಚ್ಚುತ್ತ ಕೇಳುತ್ತಿದ್ದೆ. ಯಾರೋ ಅತಿಥಿ ಕೀಲಿ ಜೇಬಿನಲ್ಲಿಟ್ಟುಕೊಂಡೇ ಬೀದರಿಗೆ ಹೋದದ್ದು, ಮದುವೆ ಬೀಗರು ಲಿಫ್ಟಿನಲ್ಲಿ ಜಗಳ ಆಡಿದ್ದು, ಒಂದು ಮಗು ಬುದ್ಧನ ಸುತ್ತಲಿನ ನೀರಿನಲ್ಲಿ ಕಾಲು ಇಳಿಬಿಟ್ಟು ಕುಂತದ್ದು. "ನೀ ಇದ್ದಿದ್ರ ಹ್ಯಾಂಗ ಸಂಭಾಳಿಸ್ತಿದ್ದಿ ಅಂತ ನೋಡ್ತಿದ್ದೆ," ಅನ್ನುತ್ತಿದ್ದಳು. ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳುತ್ತಿದ್ದೆ. ಫೋನ್ ಇಟ್ಟ ಮೇಲೂ ನಾನು ಆ ಲಾಬಿಯಲ್ಲೇ ಇರುತ್ತಿದ್ದೆ. ಹೊಸದಾಗಿ ಒಗೆದ ಚಾದರದ ವಾಸನೆ ಆಳಂದದ ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು.

ಒಂದು ದಿನ ಅವಳೇ ಹೇಳಿದಳು: "ಒಮ್ಮಿ ಬಾ ಬೇ ಇಲ್ಲಿಗಿ."

"ಬಂದು ಏನು ಮಾಡ್ಲಿ? ಒಳಗ ಬಿಡ್ತಾರೇನು?"

"ಗೆಸ್ಟ್ ಆಗಿ ಬಾ. ಚಹಾ ಕುಡಿ. ನಾ ನೋಡ್ತೇನಿ."

ಹೋದೆ. ಅಮ್ಮಿಯ ಹಸಿರು ಸೀರೆಯ ಬಟ್ಟೆಯಲ್ಲಿ ಅಬ್ಬಾ ಹೊಲಿದುಕೊಟ್ಟಿದ್ದ ಡ್ರೆಸ್ ಹಾಕಿಕೊಂಡು, ಸಂದರ್ಶನದ ದಿನದ ಅದೇ ಬೂದು ಸ್ಕಾರ್ಫ್ ಕಟ್ಟಿಕೊಂಡು ಹೋದೆ. ಬಾಗಿಲಲ್ಲಿ ಕೆಂಪು ರುಮಾಲು ಸುತ್ತಿದ, ತುರಾಯಿ ಬಿಟ್ಟ ಎತ್ತರದ ಮನುಷ್ಯ ನಿಂತಿದ್ದ. ಅದು ಅವನ ಯೂನಿಫಾರ್ಮು. ಅವನು ಸಲಾಮು ಹೊಡೆದು ಬಾಗಿಲು ತೆಗೆದ. ಒಳಗಿನ ತಂಪು ಮುಖಕ್ಕೆ ಬಡಿಯಿತು. ಕೌಂಟರಿನ ಹಿಂದೆ ನೀಲಿ ಕೋಟು ಹಾಕಿಕೊಂಡು ನನ್ನ ಗೆಳತಿ ನಿಂತಿದ್ದಳು. ಆ ಮನುಷ್ಯನ ತಲೆ ಮುಚ್ಚಿತ್ತು, ನನ್ನ ತಲೆ ಮುಚ್ಚಿತ್ತು, ಅವಳ ತಲೆ ತೆರೆದಿತ್ತು. ಮೂವರೂ ನಮ್ಮ ನಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದೆವು ಅನಿಸಿತು.

"ನಮಸ್ಕಾರ ಮೇಡಮ್, ಸ್ವಾಗತ," ಅಂದಳು. ತುಟಿ ಬಿಗಿ ಹಿಡಿದಿದ್ದಳು.

"ಚಹಾ ಸಿಗ್ತದೇನ್ರಿ?" ಅಂದೆ.

"ಸಿಗ್ತದ್ರಿ ಮೇಡಮ್. ಕೂಡ್ರಿ."

"ಸಕ್ಕರಿ ಸರಿ ಇರಲಿ. ನಿಮ್ಮ ಕಡೆ ಸಕ್ಕರಿ ಕಮ್ಮಿ ಅಂತ ಕೇಳೇನಿ."

ಅವಳು ಕೆಳಗೆ ಏನೋ ಹುಡುಕುವವಳ ಹಾಗೆ ಬಾಗಿದಳು. ಎದ್ದಾಗ ಕಣ್ಣಲ್ಲಿ ನೀರಿತ್ತು, ನಗುವಿನದೋ ಯಾವುದರದೋ.

ಕೌಂಟರಿಗೆ ಎದುರಾಗಿದ್ದ ಸೋಫಾದಲ್ಲಿ ಕುಂತೆ. ಚಹಾ ಬಂತು, ತೆಳ್ಳಗಿನ ಬಿಳಿಯ ಕಪ್ಪಿನಲ್ಲಿ. ಅವಳು ಒಂದು ಕುಟುಂಬಕ್ಕೆ ಕೀಲಿ ಕೊಡುವುದನ್ನು ನೋಡಿದೆ. ಅವರ ಚೀಲ ಎತ್ತಲು ಹೇಳುವ ಮೊದಲು ಮುದುಕನಿಗೆ ಕುರ್ಚಿ ತೋರಿಸಿದಳು. ಸರ್ ಕಲಿಸಿದ್ದು. ಅವಳ ಎಡಕ್ಕೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಪಾಳಿಯವರು ಊಟಕ್ಕೆ ಹೋಗಿದ್ದಿರಬೇಕು. ನಾನು ಆ ಜಾಗವನ್ನೇ ನೋಡುತ್ತ ಚಹಾ ಕುಡಿದೆ.

ಅಷ್ಟರಲ್ಲಿ ಮ್ಯಾನೇಜರ್ ಲಿಫ್ಟಿನಿಂದ ಬಂದರು. ನೇರವಾಗಿ ನನ್ನ ಕಡೆಯೇ ಬಂದಾಗ ಕಪ್ಪನ್ನು ಕೆಳಗಿಟ್ಟೆ. ಅವರು ಸ್ವಲ್ಪ ಬಾಗಿ, "ವೆಲ್ಕಮ್ ಮ್ಯಾಮ್. ಎಲ್ಲ ಸರಿ ಇದೆಯಾ? ಚಹಾ ಹೇಗಿದೆ?" ಅಂದರು.

ಅವರಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಅದೇ ಮುಖ, ಅದೇ ಸ್ಕಾರ್ಫ್. ಗುರುತು ಹಿಡಿಯಲಿ ಎಂದು ಒಂದು ಕ್ಷಣ ಕಾದೆ. ಹಿಡಿಯಲಿಲ್ಲ.

"ಛಲೋ ಅದ್ರಿ," ಅಂದೆ.

"ಮತ್ತೆ ಬನ್ನಿ," ಎಂದು ನಕ್ಕು ಮುಂದೆ ಹೋದರು. ಆ ನಗು ಸುಳ್ಳಿನದಲ್ಲ. ಅದಕ್ಕೇ ನನಗೆ ಇಂದಿಗೂ ಅವರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ.

ಆ ಸಂಜೆ ಪಾಳಿ ಮುಗಿದ ಮೇಲೆ ಗೆಳತಿ ಬಸ್ ನಿಲ್ದಾಣದವರೆಗೆ ಬಂದಳು. ಮತ್ತೊಮ್ಮೆ ಮ್ಯಾನೇಜರರ ಬಳಿ ನನ್ನ ಮಾತು ಎತ್ತಿದ್ದಳಂತೆ. "ಮ್ಯಾಲಿನವರ ಹುಕುಂ ಅಂದ್ರು. ಮ್ಯಾಲಿನವರು ಯಾರು ಅಂತ ಕೇಳಿದೆ. ನಿನ್ನ ಕೆಲಸ ನೋಡ್ಕೊ ಅಂದ್ರು," ಎಂದಳು. ಇನ್ನು ಕೇಳಬೇಡ ಎಂದು ನಾನೇ ಹೇಳಿದೆ. ಮುಂದೆ ಕೆಲವು ತಿಂಗಳಲ್ಲಿ ಅವಳಿಗೆ ಪುಣೆಯ ಒಂದು ಹೋಟೆಲಿನಿಂದ ಕರೆ ಬಂತು. ಹೋದಳು. ಮಧ್ಯಾಹ್ನದ ಫೋನುಗಳು ಕಡಿಮೆಯಾದವು, ಅಲ್ಲಿಯ ಪಾಳಿಗಳು ಬೇರೆ.

ನನಗೆ ಕೆಲಸ ಕೊಡಿಸಿದವರು ಸರ್. ಅಫಜಲಪುರದ ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜ್. ನಡೆಸುತ್ತಿದ್ದ ಗೌಡರು ತೀರಿಕೊಂಡು, ಅವರ ಹೆಂಡತಿ ಹೊಲವನ್ನೂ ಲಾಡ್ಜನ್ನೂ ಎರಡನ್ನೂ ನೋಡಲಾಗದೆ ಯಾರಾದರೂ ಬೇಕೆಂದು ಹುಡುಕುತ್ತಿದ್ದರು. ಅಫಜಲಪುರದಲ್ಲಿ ನನ್ನ ಖಾಲಾ, ಅಮ್ಮಿಯ ತಂಗಿ, ಇದ್ದಾಳೆ. ಇರಲು ಮನೆ ಆಯಿತು.

ಗೌಡತಿ ಅವ್ವಾರು ಲಾಡ್ಜಿನ ಹಿಂದಿನ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಂತಿದ್ದರು. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಆಳಂದದಾಕಿ?"

"ಹೌದ್ರಿ."

"ಕುಡುದು ಬರ್ತಾರ ಕೆಲವರು. ಬೈದ್ರ ಅಳತಿ ಏನು?"

"ಅಳಂಗಿಲ್ರಿ. ಹೊರಗ ಹಾಕತೇನಿ."

ಅವರು ನಕ್ಕರು. ಆಮೇಲೆ ನನ್ನ ಸ್ಕಾರ್ಫಿನ ಕಡೆ ಬೆರಳು ತೋರಿಸಿದಾಗ ನನ್ನ ಬೆನ್ನು ತಾನಾಗಿ ಸೆಟೆಯಿತು. "ಈ ಬಿಸಿಲಾಗ ಧಗಿ ಆಗಂಗಿಲ್ಲೇನವ್ವಾ?" ಅಂದರು.

"ರೂಢಿ ಆಗೇದ್ರಿ."

"ನಂದೂ ರೂಢಿನೇ," ಎಂದು ಸೆರಗು ಎಳೆದುಕೊಂಡು ಶೇಂಗಾದ ಬುಟ್ಟಿ ನನ್ನ ಕಡೆ ಸರಿಸಿದರು.

ಇಲ್ಲಿ ಲಿಫ್ಟ್ ಇಲ್ಲ, ಲಾಬಿ ಇಲ್ಲ. ಒಂದು ಮರದ ಮೇಜು, ಹಿಂದೆ ಕೀಲಿಗಳ ಹಲಗೆ. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಬಂದವರು, ಬ್ಯಾರೇಜಿನ ಕೆಲಸದವರು, ಗಾಣಗಾಪುರಕ್ಕೆ ಹೊರಟ ಮರಾಠಿ ಮಂದಿ ಬರುತ್ತಾರೆ. ಎಲ್ಲರೂ ಒಂದೇ ಥರ ಇರುವುದಿಲ್ಲ. ಒಮ್ಮೆ ಒಬ್ಬ ಮನುಷ್ಯ ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ಚೀಲ ಎತ್ತಿಕೊಂಡು ಎದುರಿನ ಲಾಡ್ಜಿಗೆ ಹೋದ. ಅವ್ವಾರಿಗೆ ಹೇಳಿದೆ. ಅವರು ಎದುರಿನ ಲಾಡ್ಜಿನ ಕಡೆ ನೋಡಿದರು. ಅವರಿಗೂ ಚಿಂತೆಯಾಗಿತ್ತು, ಅದನ್ನು ಮುಚ್ಚಿಡಲಿಲ್ಲ. "ಹೋಗ್ಲಿ ಬಿಡು. ಅಲ್ಲಿ ನೀರು ಬರಂಗಿಲ್ಲ," ಅಂದರು ಆಮೇಲೆ. ಇನ್ನೊಮ್ಮೆ ಮಡಿಯಲ್ಲಿದ್ದ ಒಬ್ಬ ಅಜ್ಜಿ ನಾನು ಕೊಟ್ಟ ನೀರು ತೆಗೆದುಕೊಳ್ಳಲಿಲ್ಲ. "ತಪ್ಪು ತಿಳಿಬ್ಯಾಡ ಮಗಾ, ವ್ರತ ಅದ," ಎಂದು ಮರಾಠಿಯಲ್ಲಿ ಹೇಳಿದಳು. ನಳ ಎಲ್ಲಿದೆ ಎಂದು ತೋರಿಸಿದೆ. ನೋವಾಗಲಿಲ್ಲ ಅಂದರೆ ಸುಳ್ಳು. ಆದರೆ ಅವಳು ಹೋಗುವಾಗ ನನ್ನ ಗಲ್ಲ ಸವರಿ ಹೋದಳು, ಅದೂ ಸುಳ್ಳಲ್ಲ.

ನಾನಿಲ್ಲಿ ಸುಖವಾಗಿದ್ದೇನೆ. ಸುಖವಾಗಿದ್ದೂ ಆ ನೀಲಿ ಕೋಟು ನೆನಪಾಗುತ್ತದೆ. ಹಾಕಿಕೊಂಡದ್ದೇ ಇಲ್ಲ, ಆದರೂ ಅದರ ತೋಳಿನ ಬಿಗಿ ನನಗೆ ಗೊತ್ತು ಅನಿಸುತ್ತದೆ. ಕಳೆದುಕೊಂಡದ್ದನ್ನು ಹಂಬಲಿಸುವುದು ಬೇರೆ. ದಾದಿಯನ್ನು ಹಾಗೆ ಹಂಬಲಿಸುತ್ತೇನೆ. ಸಿಕ್ಕಿರದೇ ಇದ್ದದ್ದನ್ನು ಹಂಬಲಿಸುವಾಗ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಹೋದ ಮಳೆಗಾಲ ಮುಗಿದ ಮೇಲೆ ಗೆಳತಿ ರಜೆಯಲ್ಲಿ ಇಜೇರಿಗೆ ಬಂದವಳು ಅಫಜಲಪುರಕ್ಕೂ ಬಂದಳು. ಕೂದಲು ಸಣ್ಣಗೆ ಕತ್ತರಿಸಿಕೊಂಡಿದ್ದಳು, ಮಾತಿನ ನಡುವೆ ಮರಾಠಿ ನುಸುಳುತ್ತಿತ್ತು. ಅವ್ವಾರು ಒಂದು ದಿನ ರಜೆ ಕೊಟ್ಟರು. ಇಬ್ಬರೂ ಸೊನ್ನದ ಬ್ಯಾರೇಜಿಗೆ ಹೋದೆವು. ಭೀಮೆ ತುಂಬಿ ಬಂದಿದ್ದಳು, ಬ್ಯಾರೇಜಿನ ಬಾಗಿಲುಗಳಿಂದ ನೀರು ಕೆಸರಿನ ಬಣ್ಣದಲ್ಲಿ ಧುಮುಕುತ್ತಿತ್ತು. ದಂಡೆಯ ಮೇಲೆ ಕುಂತು ಖಾಲಾ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಿದೆವು.

ಬಹಳ ಹೊತ್ತು ಬೇರೆ ಸುದ್ದಿ ಆಡಿದ ಮೇಲೆ ಅವಳು ಅಂದಳು: "ಒಂದು ಮಾತು ಹೇಳಲೋ ಬ್ಯಾಡೋ ಅಂತ ಕುಂತೇನಿ."

"ಹೇಳು."

"ಪುಣೆದಾಗ ನಮ್ಮ ಹೋಟೆಲಿಗೆ ಹೊಸದಾಗಿ ಒಬ್ಬಾಕಿ ಬಂದಾಳ. ಕೌಂಟರಿಗೇ. ಸ್ಕಾರ್ಫ್ ಕಟ್ತಾಳ. ಯೂನಿಫಾರ್ಮಿನ ಬಣ್ಣದ್ದು ಅವರೇ ಹೊಲಿಸಿ ಕೊಟ್ಟಾರ."

ನೀರಿನ ಸದ್ದು ಜೋರಾಗಿತ್ತು. ಸರಿಯಾಗಿ ಕೇಳಿಸಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿಸಿದೆ.

"ಗೆಸ್ಟುಗಳು ಏನಂತಾರ?" ಅಂದೆ.

"ಏನಂತಾರ? ಕೀಲಿ ಕೇಳ್ತಾರ."

ನನಗೆ ಸಂತೋಷವಾಯಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚಿನಂಥದ್ದೂ ಬಂತು. ನನ್ನ ಗೆಳತಿಯ ಎಡಗಡೆಗೆ ಯಾರೋ ನಿಂತಿದ್ದಾರೆ. ಆ ಹುಡುಗಿಯ ಪಿನ್ನು ಬಿದ್ದರೆ ಯಾರು ಹುಡುಕಿಕೊಡುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ನೀನೂ ಬಾ ಬೇ," ಅಂದಳು. "ನಾ ಮಾತಾಡ್ತೇನಿ. ಈ ಸಲ ಮ್ಯಾಲಿನವರ ಜೋಡೀನೇ ಮಾತಾಡ್ತೇನಿ."

ಅಬ್ಬಾನ ಕಣ್ಣಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಮನೆ ನಡೆಸುವವಳು ಅಮ್ಮಿ ಒಬ್ಬಳೇ. ಅವ್ವಾರು ನನ್ನ ಮೇಲೆ ಲಾಡ್ಜ್ ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಇವೆಲ್ಲ ನಿಜ. ಆದರೆ ಇವುಗಳಿಗಿಂತ ಮುಂಚೆ ಬಾಯಿಗೆ ಬಂದದ್ದು ಬೇರೆ: "ಮತ್ತೊಮ್ಮಿ ಕುರ್ಚಿ ಮ್ಯಾಲ ಕುಂತು ಆ ಮಾತು ಕೇಳಿಸ್ಕೊಳ್ಳೋ ತಾಕತ್ತು ನನ್ನ ಹಂತ್ಯಾಕ ಇಲ್ಲ."

"ಅಲ್ಲಿ ಆ ಮಾತು ಯಾರೂ ಕೇಳಂಗಿಲ್ಲ ಬೇ."

"ಗೊತ್ತು. ಆದ್ರೂ."

ಅವಳು ಒತ್ತಾಯ ಮಾಡಲಿಲ್ಲ. ನನ್ನ ಭುಜಕ್ಕೆ ತಲೆ ಆನಿಸಿ ಕುಂತಳು. ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ನೀರಿಗೆ ಇಳಿಸುತ್ತಿದ್ದರು. ತುಸು ಹೊತ್ತಿನ ಮೇಲೆ ನಾನೇ, "ಅಲ್ಲಿ ಮುಂಜಾನಿ ಪಾಳಿ ಎಷ್ಟಕ್ಕ ಶುರು ಆಗ್ತದ?" ಎಂದು ಕೇಳಿದೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಸುಮ್ಮನೆ ಕೇಳಿದೆ ಅಂದೆ. ಅವಳು ಹೇಳತೊಡಗಿದಳು. ಪಾಳಿ ಯಾವಾಗ, ಹಾಸ್ಟೆಲ್ ಎಷ್ಟು ದೂರ, ಕಿಟಕಿಯಿಂದ ಏನು ಕಾಣುತ್ತದೆ, ಚಹಾ ಎಲ್ಲಿ ಛಲೋ ಸಿಗುತ್ತದೆ. ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ.